ಚುನಾವಣೆಯ ಲೆಕ್ಕ, ಪಹಣಿಯ ಲೆಕ್ಕ: ದೇವರಾಜ ಅರಸರ ರಾಜಕೀಯ ಜೀವನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಸಂಘ ಏರ್ಪಡಿಸಿದ್ದ ಉಪನ್ಯಾಸದ ಬರಹರೂಪ)



ನಾನು ಈ ಶಾಲೆಯ ಮೊದಲ ತಂಡದವನು. ಕಂದಾಯ ಇಲಾಖೆಯಲ್ಲಿ ಗ್ರಾಮಲೆಕ್ಕಿಗನಾಗಿ ಸೇರಿ, ಉಪ ತಹಶೀಲ್ದಾರನಾಗಿ ನಿವೃತ್ತನಾದೆ. ನಾನು ಸಾಹಿತಿಯಲ್ಲ, ಭಾಷಣಕಾರನೂ ಅಲ್ಲ. ಸಂಘದವರು ಬಂದು, "ನಮ್ಮ ಶಾಲೆ ಶುರುವಾದಾಗ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ಬಗ್ಗೆ ಮಾತಾಡಿ, ಅವರು ಹೇಗೆ ಗೆದ್ದರು, ಹೇಗೆ ಸೋತರು ಅಂತ ಮಕ್ಕಳಿಗೆ ತಿಳಿಯಲಿ" ಎಂದು ಕೇಳಿದರು. ಕೂಡಲೇ ಒಪ್ಪಿದೆ. ಕಾರಣ ಇಷ್ಟೇ. ನನ್ನ ಜೀವಮಾನವೆಲ್ಲ ಎರಡು ಬಗೆಯ ಕಾಗದ ನೋಡುತ್ತ ಕಳೆದಿದೆ. ಒಂದು ಮತದಾರರ ಪಟ್ಟಿ, ಇನ್ನೊಂದು ಪಹಣಿ. ಅರಸರ ಕಥೆ ಈ ಎರಡೂ ಕಾಗದಗಳಲ್ಲಿ ಬರೆದಿದೆ. ಆದರೆ ಒಂದೇ ರೀತಿಯಾಗಿ ಬರೆದಿಲ್ಲ.

ಮೊದಲು ಮತದ ಕಥೆ.

ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಬೆಂಗಳೂರಿನಲ್ಲಿ ವಿಜ್ಞಾನ ಪದವಿ ಓದಿ ಮುಗಿಸಿದ ಮೇಲೆ ಊರಿಗೆ ಮರಳಿ ಬೇಸಾಯಕ್ಕೆ ನಿಂತವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಸ್ವಾತಂತ್ರ್ಯ ಬಂದು 1952ರಲ್ಲಿ ಮೊದಲ ಚುನಾವಣೆ ನಡೆದಾಗ ಹುಣಸೂರಿನಿಂದ ಶಾಸಕರಾದರು. 1957, 1962, 1967ರಲ್ಲೂ ಅದೇ ಹುಣಸೂರು. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆಗಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅರಸು ಎಂಬುದು ಮೈಸೂರು ರಾಜಮನೆತನಕ್ಕೆ ನಂಟಿರುವ ಸಮುದಾಯ. ಹೆಸರು ದೊಡ್ಡದು, ಜನಸಂಖ್ಯೆ ತೀರಾ ಚಿಕ್ಕದು. ನಮ್ಮಲ್ಲಿ ಚುನಾವಣೆ ಬಂದಾಗ ಅಭ್ಯರ್ಥಿಯ ಜಾತಿಯವರು ಎಷ್ಟು ಮಂದಿ ಎಂದು ಮೊದಲು ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಅರಸರಿಗೆ ರಾಜ್ಯದ ಯಾವ ಮೂಲೆಯಲ್ಲೂ ಬಲವಿರಲಿಲ್ಲ. ತನ್ನವರ ಮತದಿಂದ ಗೆಲ್ಲಲಾಗದವನು ಎಲ್ಲರ ಮತ ಕೇಳಲೇಬೇಕು. ಅವರ ಮುಂದಿನ ರಾಜಕೀಯದ ಬೀಜ ಇದರಲ್ಲೇ ಇದೆ ಎಂದು ನನಗೆ ತೋರುತ್ತದೆ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಅಖಿಲ ಭಾರತ ಅಧ್ಯಕ್ಷರಾಗಿದ್ದ ನಮ್ಮವರೇ ಆದ ನಿಜಲಿಂಗಪ್ಪ. ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ, ಸರ್ಕಾರವೂ ಆ ಕಡೆಯೇ. ಇಂದಿರಾ ಕಡೆ ನಿಂತವರು ಬೆರಳೆಣಿಕೆಯ ಮಂದಿ. ಅವರ ಮುಂದಾಳು ದೇವರಾಜ ಅರಸು. ಆಗ ಐವತ್ತು ದಾಟಿದ್ದ ಅವರದು ಮುಗಿದ ರಾಜಕಾರಣ ಎಂದುಕೊಂಡವರೇ ಹೆಚ್ಚು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. 1972ರ ವಿಧಾನಸಭಾ ಚುನಾವಣೆಯಲ್ಲಿ 216 ಸ್ಥಾನಗಳಲ್ಲಿ 165 ಅರಸರ ಪಕ್ಷಕ್ಕೆ ಬಂದವು. ನಿಜಲಿಂಗಪ್ಪನವರ ಪಕ್ಷಕ್ಕೆ ಸಿಕ್ಕಿದ್ದು 24.

ಆ ಚುನಾವಣೆಯಲ್ಲಿ ಅರಸರು ತಾವು ಸ್ಪರ್ಧಿಸಲೇ ಇಲ್ಲ. ಬೇರೆಯವರಿಗೆ ಟಿಕೆಟ್ ಹಂಚಿ ಅವರನ್ನು ಗೆಲ್ಲಿಸುವ ಕೆಲಸ ಮಾಡಿದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಆಮೇಲೆ ಹುಣಸೂರಿನ ಶಾಸಕರು ಸ್ಥಾನ ಬಿಟ್ಟುಕೊಟ್ಟು, ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದರು. ಅದುವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದಿದ್ದ ಹಲವು ಸಣ್ಣಪುಟ್ಟ ಸಮುದಾಯಗಳಿಂದ ಜನ ಶಾಸಕರಾಗಿ ಬಂದದ್ದು ಆ ಸಲ. ಮುಂದೆ ರಾಜ್ಯದಲ್ಲಿ ದೊಡ್ಡ ಹೆಸರು ಮಾಡಿದ ವೀರಪ್ಪ ಮೊಯಿಲಿ, ಧರ್ಮಸಿಂಗ್, ಮಲ್ಲಿಕಾರ್ಜುನ ಖರ್ಗೆ ಇವರೆಲ್ಲ ವಿಧಾನಸಭೆಗೆ ಬಂದದ್ದು 1972ರ ಆ ಸದನದಲ್ಲೇ.

ಗೆದ್ದದ್ದಾಯಿತು. ಗೆದ್ದು ಏನು ಮಾಡಿದರು? ಇಲ್ಲಿ ಪಹಣಿಯ ಕಥೆ ಶುರುವಾಗುತ್ತದೆ.

ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಹಣಿಯಲ್ಲಿ ಹಲವು ಕಾಲಂಗಳಿವೆ. 9ನೇ ಕಾಲಂನಲ್ಲಿ ಜಮೀನಿನ ಸ್ವಾಧೀನದಾರರ ಹೆಸರು, ಅಂದರೆ ಜಮೀನು ಯಾರದೋ ಅವರ ಹೆಸರು. 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಹಿಂದೆ ನಮ್ಮ ಮಲೆನಾಡಿನಲ್ಲಿ ಈ ಎರಡು ಕಾಲಂಗಳಲ್ಲಿ ಒಂದೇ ಹೆಸರು ಇರುವುದು ಅಪರೂಪ. 9ರಲ್ಲಿ ಒಡೆಯರು, 12ರಲ್ಲಿ ಗೇಣಿದಾರ. ಎಷ್ಟೋ ಕಡೆ 12ರಲ್ಲೂ ಗೇಣಿದಾರನ ಹೆಸರಿರಲಿಲ್ಲ, "ಸ್ವಂತ" ಎಂದೇ ಬರೆದಿರುತ್ತಿತ್ತು. ಉಳುವವನು ಉಳುತ್ತಿದ್ದ, ಕಾಗದದಲ್ಲಿ ಅವನು ಇರಲೇ ಇಲ್ಲ.

ನಮ್ಮಪ್ಪ ಮೂರು ಎಕರೆ ಗದ್ದೆ ಗೇಣಿಗೆ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣದಲ್ಲೇ ಭತ್ತ ಅಳೆದು ಒಡೆಯರ ಮನೆಗೆ ಹೊತ್ತು ಹಾಕಿದ ಮೇಲೆ ಉಳಿದದ್ದು ನಮ್ಮದು. ಮಳೆ ಕೈಕೊಟ್ಟ ವರ್ಷವೂ ಗೇಣಿಯ ಅಳತೆ ಕಡಿಮೆಯಾಗುತ್ತಿರಲಿಲ್ಲ. ಗೇಣಿ ಬಾಕಿ ಬಿದ್ದರೆ ಮನೆಯ ಹುಡುಗನೊಬ್ಬ ದನ ಕಾಯಲು ಒಡೆಯರ ಕೊಟ್ಟಿಗೆಗೆ ಹೋಗುತ್ತಿದ್ದ. ನಮ್ಮಣ್ಣ ಹಾಗೆಯೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒಡೆಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಪದ್ಧತಿ ಹಾಗಿತ್ತು. ಆ ಪದ್ಧತಿಯಲ್ಲಿ ಒಳ್ಳೆಯವರೂ ಅಳೆದೇ ತೆಗೆದುಕೊಳ್ಳುತ್ತಿದ್ದರು.

ನಮ್ಮ ಸೀಮೆಯ ಜನ ಸುಮ್ಮನೆ ಕೂತಿರಲಿಲ್ಲ. 1951ರಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಗೇಣಿ ಅಳೆಯುವ ಕೊಳಗದ ಜಗಳದಿಂದ ಹುಟ್ಟಿದ ಆ ಚಳವಳಿಗೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಅದೇ ವಿಷಯವನ್ನು ವಿಧಾನಸಭೆಯಲ್ಲಿ ಎಷ್ಟೋ ಸಲ ಎತ್ತಿದರು. 1961ರಲ್ಲಿ ಭೂಸುಧಾರಣಾ ಕಾಯ್ದೆಯೊಂದು ಆಗಿ, 1965ರಲ್ಲಿ ಜಾರಿಗೂ ಬಂತು. ಆದರೆ ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಮಾಲೀಕರು ಜಮೀನು ಬಿಡಿಸಿಕೊಳ್ಳಲು ಅದರಲ್ಲಿ ದಾರಿಗಳಿದ್ದವು. ಹಾಗಾಗಿ ಬೀಜ ಬಿತ್ತಿದವರು ಸಮಾಜವಾದಿಗಳು ಎಂಬುದನ್ನು ನಾವು ಮರೆಯಬಾರದು. ಅವರ ಬಳಿ ಮಾತಿತ್ತು, ಹೋರಾಟವಿತ್ತು, ಸಂಖ್ಯೆ ಇರಲಿಲ್ಲ. ಅರಸರ ಬಳಿ 165 ಇತ್ತು.

ಆ ಸಂಖ್ಯೆಯನ್ನು ಅವರು ಬಳಸಿದರು. ಕಂದಾಯ ಮಂತ್ರಿ ಹುಚ್ಚಮಾಸ್ತಿಗೌಡರ ಮೂಲಕ ತಿದ್ದುಪಡಿ ತಂದರು. 1974ರ ಮಾರ್ಚ್ 1ರಿಂದ ರಾಜ್ಯದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು ಕೊಡಬೇಕು, ಮಾಲೀಕರಿಗೆ ಪರಿಹಾರ ಸಿಗಬೇಕು. ಒಂದು ಕುಟುಂಬ ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಎಂದು ಮಿತಿಯೂ ಬಂತು.

ಕಾನೂನು ಮಾಡುವುದಕ್ಕಿಂತ ದೊಡ್ಡದು ಅದನ್ನು ನಡೆಸುವ ವ್ಯವಸ್ಥೆ. ಇಲಾಖೆಯಲ್ಲಿದ್ದವನಾಗಿ ಈ ಮಾತು ಹೇಳುತ್ತಿದ್ದೇನೆ. ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರು ಬಂದು ವಾದಿಸುವಂತಿಲ್ಲ. ಸಿವಿಲ್ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆಯುವಂತಿಲ್ಲ. ವಕೀಲರನ್ನು ದೂರವಿಟ್ಟ ನಿಯಮವನ್ನು ಮುಂದೆ 1987ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆದರೆ ಅಷ್ಟರಲ್ಲಿ ಆಗಬೇಕಾದ ಕೆಲಸದ ದೊಡ್ಡ ಪಾಲು ಆಗಿಹೋಗಿತ್ತು.

ನಮ್ಮಪ್ಪನ ಅರ್ಜಿ ವಿಚಾರಣೆಗೆ ಬಂದಾಗ ನಾನು ಒಂಬತ್ತನೇ ತರಗತಿ. ಅವರಿಗೆ ಹೆಬ್ಬೆಟ್ಟು ಮಾತ್ರ ಬರುತ್ತಿದ್ದುದರಿಂದ ಫಾರಂ ತುಂಬಿಕೊಟ್ಟವರು ಈ ಶಾಲೆಯ ಕನ್ನಡ ಮೇಷ್ಟ್ರು. ನಮ್ಮ ಬೀದಿಯ ಹಲವು ಮನೆಗಳ ಫಾರಂಗಳನ್ನು ಅವರೇ ತುಂಬಿದರು. ಮಂಡಳಿಯ ಮುಂದೆ ಅಪ್ಪನ ಬಳಿ ಗೇಣಿ ಚೀಟಿಗಳಿರಲಿಲ್ಲ. "ಗೇಣಿ ಕೊಟ್ಟಿದ್ದಕ್ಕೆ ಆಧಾರ ಏನಿದೆ?" ಎಂದು ಕೇಳಿದರಂತೆ. ಚೆಕ್ಕುಬಂದಿಯ ನಾಲ್ಕೂ ಕಡೆಯ ಗದ್ದೆಯವರು ಬಂದು, "ಇವರಪ್ಪನ ಕಾಲದಿಂದ ಇವರೇ ಉಳುತ್ತಿರುವುದು" ಎಂದು ಸಾಕ್ಷಿ ಹೇಳಿದರು. ಅವರಲ್ಲಿ ಒಬ್ಬರು ಒಡೆಯರ ಸಂಬಂಧಿಕರು. ಒಡೆಯರೂ ಸುಳ್ಳು ಹೇಳಲಿಲ್ಲ. ಹಕ್ಕು ಸಿಕ್ಕಿತು. ಅಪ್ಪನ ಹೆಸರು 12ನೇ ಕಾಲಂನಿಂದ 9ನೇ ಕಾಲಂಗೆ ಬಂತು. ಪಹಣಿಯಲ್ಲಿ ಅದು ಎರಡು ಬೆರಳಿನಷ್ಟು ದೂರ. ನಮ್ಮ ಮನೆ ಆ ದೂರ ದಾಟಲು ಮೂರು ತಲೆಮಾರು ಹಿಡಿದಿತ್ತು.

ರಾಜ್ಯದಾದ್ಯಂತ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಗಡುವನ್ನು ಹಲವು ಸಲ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಲಕ್ಷಾಂತರ ಮನೆಗಳಿಗೆ ಹಕ್ಕುಪತ್ರ ಬಂತು.

ಎರಡನೆಯ ದೊಡ್ಡ ಕೆಲಸ ಹಾವನೂರು ಆಯೋಗ. ಹಿಂದುಳಿದವರಿಗೆ ಮೀಸಲಾತಿ ಕೊಡುವ ಪ್ರಯತ್ನ ರಾಜ್ಯದಲ್ಲಿ ಮೊದಲೂ ನಡೆದಿತ್ತು. ಒಟ್ಟು ಶೇಕಡ 68ರಷ್ಟಾಗಿದ್ದ ಮೀಸಲಾತಿಯನ್ನು 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಹಾಗಾಗಿ ಅರಸರು 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿ, ಮೊದಲು ಲೆಕ್ಕ ತೆಗೆಯಿರಿ ಎಂದರು. ಯಾವ ಸಮುದಾಯ ಶಿಕ್ಷಣದಲ್ಲಿ ಎಷ್ಟು ಹಿಂದಿದೆ ಎಂದು ತಿಳಿಯಲು ಆಯೋಗ ಬಳಸಿದ ಅಳತೆಗೋಲು ಯಾವುದು ಗೊತ್ತೇ? ಎಸ್ಸೆಸ್ಸೆಲ್ಸಿ ಫಲಿತಾಂಶ. ಜನಸಂಖ್ಯೆಗೆ ಹೋಲಿಸಿದರೆ ಯಾವ ಜಾತಿಯ ಎಷ್ಟು ಮಕ್ಕಳು ಹತ್ತನೇ ತರಗತಿ ಪಾಸಾಗಿದ್ದಾರೆ ಎಂಬ ಲೆಕ್ಕ. 1975ರಲ್ಲಿ ವರದಿ ಬಂತು, 1977ರಲ್ಲಿ ಆದೇಶಗಳಾದವು. ಆ ಆಯೋಗದ ಪ್ರಕಾರ ಒಂದು ಸಮುದಾಯ ಮುಂದೆ ಬಂದಿದೆಯೋ ಇಲ್ಲವೋ ಎಂದು ಹೇಳುವ ಜಾಗ ಹೈಸ್ಕೂಲು. ಈ ಕಟ್ಟಡದಲ್ಲಿ ಕೂತಿರುವ ನಮಗೆಲ್ಲ ಇದು ನೆನಪಿರಬೇಕು.

ನಮ್ಮ ಮೊದಲ ತಂಡದಲ್ಲಿ ಬಹುಪಾಲು ಹುಡುಗರು ಗೇಣಿದಾರರ, ಕೂಲಿಯವರ ಮಕ್ಕಳು. ಮನೆಯಲ್ಲಿ ಹತ್ತನೆಯ ತರಗತಿ ಕಂಡ ಮೊದಲಿಗರು. ಶಾಲೆ ಬಂದದ್ದರಿಂದ ಮಾತ್ರ ನಾವು ಓದಿದೆವು ಎನ್ನುವುದು ಅರ್ಧ ಸತ್ಯ. ದನ ಕಾಯಲು ಕೊಟ್ಟಿಗೆಗೆ ಹೋಗುವ ಅಗತ್ಯ ತಪ್ಪಿದ್ದರಿಂದ ನಾವು ಶಾಲೆಗೆ ಬಂದೆವು.

ಇನ್ನು, ಒಳ್ಳೆಯದನ್ನಷ್ಟೇ ಹೇಳಿ ಕೂತುಬಿಟ್ಟರೆ ಇದು ಸನ್ಮಾನ ಪತ್ರವಾದೀತು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಮುಖ್ಯಮಂತ್ರಿಯಾಗಿದ್ದವರು ಅರಸರೇ. ವಿರೋಧ ಪಕ್ಷದವರು ಜೈಲಿನಲ್ಲಿದ್ದರು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆರೆಮನೆಯಲ್ಲಿ ಕಾಯಿಲೆಗೆ ತುತ್ತಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡರು. ಬೇರೆ ರಾಜ್ಯಗಳಿಗಿಂತ ಇಲ್ಲಿ ಬಿಗಿ ಕಡಿಮೆ ಇತ್ತು ಎನ್ನುವವರಿದ್ದಾರೆ. ಆ ಸಾವಿನ ಮುಂದೆ ಆ ಮಾತು ನಿಲ್ಲುವುದಿಲ್ಲ. ಭ್ರಷ್ಟಾಚಾರದ ಆರೋಪಗಳೂ ಬಂದವು, ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. ಭೂಸುಧಾರಣೆಯಲ್ಲೂ ಕೊರತೆಯಿತ್ತು. ಗೇಣಿದಾರನಿಗೆ ಸಿಕ್ಕಷ್ಟು ಭೂಮಿ ಬರಿಗೈ ಕೂಲಿಕಾರನಿಗೆ ಸಿಗಲಿಲ್ಲ. ಅವನಿಗೆ ದಕ್ಕಿದ್ದು ಬಹುಮಟ್ಟಿಗೆ ತಾನಿದ್ದ ಮನೆಯ ಅಡಿಯ ಜಾಗ. ಎರಡು ಮೂರು ಎಕರೆಯನ್ನೇ ನಂಬಿಕೊಂಡು ಗೇಣಿಗೆ ಬಿಟ್ಟಿದ್ದ ವಿಧವೆಯರು, ಬಡ ಪುರೋಹಿತರು ಜಮೀನು ಕಳೆದುಕೊಂಡರು. ಅವರ ಮಕ್ಕಳೂ ಇದೇ ಶಾಲೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂತು ಓದಿದವರು, ಇವತ್ತು ಈ ಸಭೆಯಲ್ಲೂ ಇದ್ದಾರೆ. ಅವರ ಮನೆಯ ನೋವನ್ನೂ ಈ ಕಥೆಯಿಂದ ಹೊರಗಿಡಲಾಗದು.

ಈಗ ಮತ್ತೆ ಮತದ ಕಡೆಗೆ ಬರೋಣ.

1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಸ್ವತಃ ಇಂದಿರಾ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಆ ವರ್ಷದ ಡಿಸೆಂಬರ್ 31ರಂದು ಅರಸರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ, 1978ರ ಫೆಬ್ರವರಿಯಲ್ಲಿ, ಚುನಾವಣೆ. ಕಾಂಗ್ರೆಸ್ ಮತ್ತೆ ಒಡೆದು ಇಂದಿರಾ ಹೊಸ ಪಕ್ಷ ಕಟ್ಟಿದ್ದರು. ಹಸು-ಕರು ಹೋಗಿ ಹಸ್ತದ ಗುರುತು ಬಂದಿತ್ತು. ಹಳ್ಳಿಯವರಿಗೆ ಹೊಸ ಗುರುತು ಕಲಿಸುವುದೇ ಒಂದು ಕೆಲಸ. ಆದರೂ 224ರಲ್ಲಿ 149 ಗೆದ್ದು ಅರಸರು ಮತ್ತೆ ಮುಖ್ಯಮಂತ್ರಿಯಾದರು. ಅದೇ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿಗೆ ಕರೆತಂದು ನಿಲ್ಲಿಸಿದರು. ಎದುರಾಳಿ ವೀರೇಂದ್ರ ಪಾಟೀಲರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಇಂದಿರಾ ಗೆದ್ದರು. ದೇಶ ಸೋಲಿಸಿದ ನಾಯಕಿಗೆ ಆಸರೆ ಕೊಟ್ಟ ರಾಜ್ಯ ನಮ್ಮದು, ಆಸರೆ ಕಟ್ಟಿದವರು ಅರಸರು.

ಇಲ್ಲಿಂದ ಒಂದು ವರ್ಷದೊಳಗೆ ಇಬ್ಬರ ಸಂಬಂಧ ಮುರಿಯಿತು. ಪಕ್ಷ ಯಾರ ಕೈಯಲ್ಲಿರಬೇಕು ಎಂಬ ಜಗಳ. 1979ರ ಜೂನ್‌ನಲ್ಲಿ ಅರಸರನ್ನು ಇಂದಿರಾ ಕಾಂಗ್ರೆಸ್ಸಿನಿಂದ ಉಚ್ಚಾಟಿಸಲಾಯಿತು. ಹೆಚ್ಚಿನ ಶಾಸಕರು ಅರಸರ ಕಡೆಯೇ ನಿಂತರು, ಸರ್ಕಾರ ಉಳಿಯಿತು. ಬಂದಿತು 1980ರ ಜನವರಿಯ ಲೋಕಸಭಾ ಚುನಾವಣೆ. 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ನಿನ್ನೆವರೆಗೆ ಜೊತೆಗಿದ್ದ ಶಾಸಕರು ರಾತ್ರೋರಾತ್ರಿ ಆ ಕಡೆ ನಡೆದರು. ಅರಸರು ರಾಜೀನಾಮೆ ಕೊಟ್ಟರು. ಜನವರಿ 12ರಂದು ಗುಂಡೂರಾವ್ ಮುಖ್ಯಮಂತ್ರಿಯಾದರು.

ಭೂಮಿ ಪಡೆದವರು ಯಾಕೆ ಅರಸರಿಗೆ ಮತ ಹಾಕಲಿಲ್ಲ? ದೊಡ್ಡವರ ಲೇಖನಗಳಲ್ಲಿ ಇದಕ್ಕೆ ನಾನಾ ಉತ್ತರಗಳಿವೆ. ನನಗೆ ಗೊತ್ತಿರುವುದು ನಮ್ಮ ಮನೆಯ ಉತ್ತರ. ಓಟು ಹಾಕಿ ಬಂದ ಅಪ್ಪನನ್ನು ನಾನು ಕೇಳಿದೆ, "ಭೂಮಿ ಕೊಟ್ಟಿದ್ದು ಅರಸು ಅಲ್ವಾ ಅಪ್ಪ?" ಅಪ್ಪ ಹೇಳಿದ್ದು: "ಕೊಡ್ಸಿದ್ದು ಅರಸು. ಕೊಟ್ಟಿದ್ದು ಇಂದಿರಮ್ಮ." ಈ ಮಾತನ್ನು ಅಪ್ಪನಿಗೆ ಕಲಿಸಿದವರು ಯಾರು? ಸ್ವತಃ ಅರಸರ ಪಕ್ಷವೇ. ಎಂಟು ವರ್ಷ ಪ್ರತಿ ಸಭೆಯಲ್ಲಿ, ಪ್ರತಿ ಗೋಡೆಬರಹದಲ್ಲಿ, ಹಕ್ಕುಪತ್ರ ಹಂಚುವ ಪ್ರತಿ ಸಮಾರಂಭದಲ್ಲಿ ಎಲ್ಲವೂ ಇಂದಿರಮ್ಮನ ಕೃಪೆ, ಇಂದಿರಮ್ಮನ ಇಪ್ಪತ್ತು ಅಂಶ ಎಂದೇ ಹೇಳಿದ್ದರು. ಕೊಟ್ಟ ಹೆಸರನ್ನು ಚುನಾವಣೆಗೆ ಆರು ತಿಂಗಳಿರುವಾಗ ವಾಪಸು ಕೇಳಿದರೆ ಜನ ಕೊಡುವುದಿಲ್ಲ. ಅಪ್ಪನನ್ನು ಕೃತಘ್ನ ಎಂದು ನಾನು ಭಾವಿಸಿಲ್ಲ. ಭೂಮಿಯ ಹಕ್ಕು ಭಿಕ್ಷೆಯಲ್ಲ, ಅದಕ್ಕೆ ಮತದ ಬಾಡಿಗೆ ಕೊಡಬೇಕಾಗಿಲ್ಲ. ಒಡೆಯರ ಋಣ ಹರಿದುಕೊಂಡವನು ಮುಖ್ಯಮಂತ್ರಿಯ ಋಣಕ್ಕೂ ಕಟ್ಟುಬೀಳದೆ, ತನಗೆ ಸರಿಕಂಡವರಿಗೆ ಮತ ಹಾಕಿದ. ಅರಸರ ಕಾನೂನು ನಿಜವಾಗಿ ಗೆದ್ದದ್ದಕ್ಕೆ ಅದೇ ಸಾಕ್ಷಿ ಎಂದು ಈಗ ನನಗೆ ಅನ್ನಿಸುತ್ತದೆ.

ಅರಸರು ಕೊನೆಗೆ ಕರ್ನಾಟಕ ಕ್ರಾಂತಿರಂಗ ಕಟ್ಟಿದರು. ಅದು ಬೇರು ಬಿಡುವ ಮೊದಲೇ, 1982ರ ಜೂನ್ 6ರಂದು ತೀರಿಕೊಂಡರು. ಏಳು ತಿಂಗಳಾದ ಮೇಲೆ, 1983ರ ಜನವರಿ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಜೊತೆಯಾಗಿ ನಿಂತು, ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಹುಣಸೂರಿನಿಂದ ಅರಸರ ಮಗಳು ಚಂದ್ರಪ್ರಭಾ ಅರಸು ಗೆದ್ದರು. ರಾಜ್ಯ ಕೈಬಿಟ್ಟಾಗಲೂ ಹುಣಸೂರು ಆ ಮನೆಯ ಕೈಬಿಡಲಿಲ್ಲ.

ಮಕ್ಕಳೇ, ಈ ಸಂಖ್ಯೆಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾಗಿಲ್ಲ. 27, 165, 26, 149, ಮತ್ತೆ 27. ಕೊನೆಯ 27 ಇವರ ಪಾಲಿಗೆ ಸೋಲು. ಈ ಎಲ್ಲ ಸಂಖ್ಯೆಗಳೂ ಇವತ್ತು ಹಳೆಯ ಪತ್ರಿಕೆಗಳಲ್ಲಿವೆ, ಅಷ್ಟೇ. ಅವು ಯಾರ ಹೊಟ್ಟೆಯನ್ನೂ ತುಂಬುತ್ತಿಲ್ಲ. ಆದರೆ ಆ 165ನ್ನು ಹಿಡಿದು ಮಾಡಿದ ಕಾನೂನು ನಮ್ಮೂರಿನ ಪಹಣಿಗಳಲ್ಲಿ ಇವತ್ತಿಗೂ ಇದೆ. ನಾನು ಗ್ರಾಮಲೆಕ್ಕಿಗನಾಗಿ ಬೇರೆ ಊರುಗಳಲ್ಲಿ ಪೌತಿ ಖಾತೆ ಮಾಡುವಾಗ, ತಂದೆಯ ಹೆಸರಿನಿಂದ ಮಕ್ಕಳ ಹೆಸರಿಗೆ ಜಮೀನು ಬರೆಯುವಾಗ, ಹಳೆಯ ದಾಖಲೆಯಲ್ಲಿ "ಭೂನ್ಯಾಯಮಂಡಳಿ ಆದೇಶದಂತೆ" ಎಂಬ ಸಾಲು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಅಧಿಕಾರ ಹೋದ ಮೇಲೂ, ಮನುಷ್ಯ ಹೋದ ಮೇಲೂ ಆ ಸಾಲು ಮುಂದಿನ ಖಾತೆಗೆ ದಾಟುತ್ತಲೇ ಇದೆ.

ನಿಮಗೊಂದು ಮನೆಗೆಲಸ ಕೊಡುತ್ತೇನೆ. ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿ: ನಮ್ಮ ಜಮೀನು ನಮಗೆ ಹೇಗೆ ಬಂತು? ಅಥವಾ ಹೇಗೆ ಹೋಯಿತು? ನಮ್ಮ ಮನೆಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವರು ಯಾರು? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಇನ್ನು ಕೆಲವೇ ವರ್ಷಗಳಲ್ಲಿ ನಿಮಗೆ ಮತದ ಹಕ್ಕು ಬರುತ್ತದೆ. ಆಗ ನಿಮ್ಮ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಎಷ್ಟು ಸಲ ಗೆದ್ದಿದ್ದೀರಿ ಎಂದು ಕೇಳಬೇಡಿ. ಗೆದ್ದು ಏನು ಮಾಡಿದಿರಿ, ಅದರಲ್ಲಿ ನೀವು ಸೋತ ಮೇಲೂ ಉಳಿಯುವುದು ಯಾವುದು ಎಂದು ಕೇಳಿ.

 ಫಾರಂ ತುಂಬಿಕೊಟ್ಟ ನಮ್ಮ ಮೇಷ್ಟ್ರು ಈಗ ಇಲ್ಲ. ಅವರನ್ನೂ, ಈ ಶಾಲೆಯ ಎಲ್ಲ ಗುರುಗಳನ್ನೂ ನೆನೆದು ನನ್ನ ಮಾತು ಮುಗಿಸುತ್ತೇನೆ.